ಗೋಡೆ ಒಣಗಲಿ, ಆಮೇಲೆ ಬಣ್ಣ

ಕೊಪ್ಪದ ಸಹೋದರಿಗೆ,

ಮೇ ತಿಂಗಳಲ್ಲಿ ಗೃಹಪ್ರವೇಶ ಮುಗಿಸಿ, ಮಳೆ ಹಿಡಿಯುವ ಮೊದಲೇ ಹಾಲ್‌ಗೆ ವಾಲ್‌ಪೇಪರ್ ಅಂಟಿಸಬೇಕೆನ್ನುತ್ತಿದ್ದೀರಿ. ದಯವಿಟ್ಟು ಬೇಡ. ಬೆಂಗಳೂರಿನ ಫ್ಲ್ಯಾಟಿಗೆ ಒಪ್ಪುವುದೆಲ್ಲ ಶೃಂಗೇರಿ, ನರಸಿಂಹರಾಜಪುರದ ಕಡೆಯ ಥಂಡಿಗೆ ಒಗ್ಗುವುದಿಲ್ಲ. ಹೊಸ ಗಾರೆಯೊಳಗಿನ ನೀರಿಗೆ ಹೊರಬರಲು ದಾರಿ ಬೇಕು. ಅದನ್ನು ಮುಚ್ಚಿದರೆ ಆಷಾಢ ಕಳೆಯುವುದರೊಳಗೆ ಅಂಚು ಎದ್ದು, ಹಿಂದೆ ಬೂಷ್ಟು ಹಿಡಿದಿರುತ್ತದೆ.

ಒಂದು ಪರೀಕ್ಷೆ ಮಾಡಿ. ಚದರಡಿಯಷ್ಟು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ. ಮರುದಿನ ಒಳಮೈ ಬೆವರಿದ್ದರೆ ಗೋಡೆ ಇನ್ನೂ ಹಸಿ. ಪುಟ್ಟಿ ಹಚ್ಚಿಲ್ಲವೆಂದಿರಿ, ಒಳ್ಳೆಯದೇ ಆಯಿತು. ಸದ್ಯಕ್ಕೆ ಸುಣ್ಣ ಬಳಿಸಿ. ಅದು ಗೋಡೆಯನ್ನು ಉಸಿರಾಡಲು ಬಿಡುತ್ತದೆ, ಬೂಷ್ಟಿಗೂ ಸುಲಭಕ್ಕೆ ಎಡೆಗೊಡದು. ಬಣ್ಣದ ಮಾತು ದೀಪಾವಳಿ ಕಳೆದ ಮೇಲೆ. ಬೀರು, ಕಪಾಟುಗಳನ್ನು ಗೋಡೆಯಿಂದ ಗೇಣು ದೂರವಿಡಿ. ದಪ್ಪ ಪರದೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ತೆಳು ಹತ್ತಿಯದು ಸಾಕು.

ಗೋಡೆ ಬೋಳೆನಿಸಿದರೆ ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ತರಿಸಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿನಾರಿನ ಕುಂಚ. ಚೌಕಾಸಿ ಮಾತ್ರ ಮಾಡಬೇಡಿ!

ಅತ್ತೆಯವರು ಕೊಟ್ಟ ಹಲಸಿನ ಮರದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಕೆನ್ನುವ ನಿಮ್ಮ ಯಜಮಾನರನ್ನು ಒಮ್ಮೆ ಕುಪ್ಪಳಿಯ ಕವಿಮನೆಗೆ ಕರೆದೊಯ್ಯಿರಿ. ಅಲ್ಲಿ ಕಂಬ, ತೊಲೆ, ಹಳೆಯ ಪಾತ್ರೆಪಗಡಿಗಳೇ ಅಲಂಕಾರ. ಪೆಟ್ಟಿಗೆ ಹಾಲ್‌ನಲ್ಲೇ ಇರಲಿ, ಕಾಲಡಿಗೆ ಚಪ್ಪಡಿ ಕಲ್ಲು ಕೊಡಿ.