ರಸ್ತೆಗೆ ಕಾಣುವ ತಾಲೀಮು

ಕಲಾ ಶಾಲೆಗೆ ನಕ್ಷೆ ಮಾಡಲು ಕೂತರೆ ಟ್ರಸ್ಟಿನವರು, ದಾನಿಗಳು, ಕಲಾವಿದರು ಎಲ್ಲರೂ ಮೊದಲು ವಿಚಾರಿಸುವುದು ಸಭಾಂಗಣದಲ್ಲಿ ಸೀಟೆಷ್ಟು ಎಂದು. ಬೆಂಗಳೂರಿನ ಮಾಗಡಿ ರಸ್ತೆಯ ಕಡೆ, ಹಿಂದೆ ಗಿರಣಿ ಕಾರ್ಮಿಕರು ನೆಲೆಸಿದ್ದ ಬಡಾವಣೆಯೊಂದರಲ್ಲಿ ನೃತ್ಯ, ನಾಟಕ, ತಾಳವಾದ್ಯ ಕಲಿಸುವ ಶಾಲೆಯ ಕಟ್ಟಡಕ್ಕೆ ನಾನು ಆರ್ಕಿಟೆಕ್ಟ್ ಆಗಿ ಸೇರಿಕೊಂಡಾಗಲೂ ಮಾತು ಶುರುವಾದದ್ದು ಅಲ್ಲಿಂದಲೇ. ಶಾಲೆ ತೆರೆದ ಮೇಲೆಯೂ ನಾನು ಅಲ್ಲಿಗೆ ಹೋಗಿ ಬರುತ್ತಲೇ ಇದ್ದೇನೆ. ನೋಡುತ್ತಾ ನೋಡುತ್ತಾ ನನಗೆ ಖಚಿತವಾದ ಸಂಗತಿ ಇದು: ಸುತ್ತಮುತ್ತಲಿನ ಜನರನ್ನು ಶಾಲೆಯ ಹತ್ತಿರ ಎಳೆಯುವುದು ದಿನನಿತ್ಯದ ತಾಲೀಮು. ಪ್ರದರ್ಶನಕ್ಕೆ ಟಿಕೆಟ್ ಬೇಕು, ಬಿಡುವು ಬೇಕು, ಒಳ್ಳೆಯ ಬಟ್ಟೆ ಉಟ್ಟು ಹೊರಡುವ ಮನಸ್ಸು ಬೇಕು. ತಾಲೀಮು ಹಾಗಲ್ಲ. ಹಾಲಿನ ಬೂತಿಗೆ ಹೊರಟವರು ಎರಡು ನಿಮಿಷ ನಿಂತು ನೋಡಬಹುದು. ನಾಳೆ ಮತ್ತೆ ನೋಡಬಹುದು. ನಿನ್ನೆ ತಪ್ಪುತ್ತಿದ್ದ ಹುಡುಗ ಇವತ್ತು ತಾಳಕ್ಕೆ ಸರಿಯಾಗಿ ಬಂದದ್ದು ಅವರಿಗೂ ಗೊತ್ತಾಗುತ್ತದೆ.

ಇದಕ್ಕೆ ಬೆಂಗಳೂರಿನಲ್ಲೇ ಸುಳಿವುಗಳಿದ್ದವು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆಯ ದಿನ ಆ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸುತ್ತಾರೆ. ಜೀವಮಾನದಲ್ಲಿ ಗ್ಯಾಲರಿಯ ಮೆಟ್ಟಿಲು ಹತ್ತದವರು ಅವತ್ತು ಚಿತ್ರದ ಮುಂದೆ ನಿಂತು ರೇಟು ಕೇಳುತ್ತಾರೆ, ಬರೆದವರ ಜೊತೆ ಮಾತಿಗೆ ನಿಲ್ಲುತ್ತಾರೆ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ತೆರೆದ ಮೇಲೆ ನಾಟಕದ ಟಿಕೆಟ್ ಕೊಳ್ಳದವರೂ ಅಲ್ಲಿನ ಕೆಫೆಗೆ ಬಂದು ಕೂರುವುದು ರೂಢಿಯಾಯಿತು. ಬ್ರೆಜಿಲಿನ ಸಾವೊ ಪಾಲೊ ನಗರದಲ್ಲಿ ಲೀನಾ ಬೊ ಬಾರ್ಡಿ ಹಳೆಯ ಡ್ರಮ್ ಕಾರ್ಖಾನೆಯೊಂದನ್ನು ಒಡೆಯದೆ ಉಳಿಸಿಕೊಂಡು 1982ರಲ್ಲಿ ಸೆಸ್ಕ್ ಪೊಂಪೇಯಾ ಎಂಬ ಕೇಂದ್ರವನ್ನು ಜನರಿಗೆ ತೆರೆದರು. ಆ ಖಾಲಿ ಕಾರ್ಖಾನೆಯಲ್ಲಿ ಅಕ್ಕಪಕ್ಕದವರ ಮಕ್ಕಳು ಆಗಲೇ ಆಡಿಕೊಂಡಿದ್ದನ್ನು ಆಕೆ ಮೊದಲ ಭೇಟಿಗಳಲ್ಲೇ ಗಮನಿಸಿದ್ದರು. ಜನ ಈಗಾಗಲೇ ಆ ಜಾಗದಲ್ಲಿ ಏನು ಮಾಡಿಕೊಂಡಿದ್ದಾರೋ ಅದನ್ನು ಕಿತ್ತುಕೊಳ್ಳಬಾರದು ಎನ್ನುವ ಪಾಠ ನನಗೆ ಅಲ್ಲಿಂದ ಸಿಕ್ಕಿತು.

ನಮ್ಮ ಸೈಟಿನ ಗೋಡೆಗೆ ಒರಗಿಕೊಂಡು ಒಬ್ಬ ಹೂವಿನಮ್ಮ ಕೂರುತ್ತಿದ್ದರು. ನಕ್ಷೆಯಲ್ಲಿ ನಾನು ಮೊದಲು ಗುರುತು ಹಾಕಿದ್ದು ಅವರ ಜಾಗವನ್ನು. ನಿಯಮದ ಪ್ರಕಾರ ಮುಂದೆ ಬಿಡಬೇಕಾದ ಸೆಟ್‌ಬ್ಯಾಕ್‌ಗೆ ಸಾಮಾನ್ಯವಾಗಿ ಕಾಂಪೌಂಡ್ ಹಾಕಿ, ನಾಲ್ಕು ಕುಂಡ ಇಟ್ಟು ಬೀಗ ಜಡಿಯುತ್ತಾರೆ. ನಾವು ಅಲ್ಲಿ ಕಾಂಪೌಂಡ್ ಎಬ್ಬಿಸಲಿಲ್ಲ. ರಸ್ತೆಯ ಉದ್ದಕ್ಕೂ ಚಪ್ಪಡಿ ಕಲ್ಲಿನ ಜಗಲಿ ಬಂತು. ಅದರ ಹಿಂದೆಯೇ ತಾಳವಾದ್ಯದ ಕೋಣೆ, ಅದಕ್ಕೆ ದೊಡ್ಡ ಗಾಜಿನ ಕಿಟಕಿ. ಕಿಟಕಿಯ ಅಂಚನ್ನು ಎರಡು ಅಡಿಗೆ ಇಳಿಸಿದೆವು, ಐದು ವರ್ಷದ ಮಗುವಿಗೂ ಒಳಗಿನದು ಕಾಣಲಿ ಎಂದು. ಕುಡುಕರು ಬಂದು ಮಲಗುತ್ತಾರೆ, ಕಸ ಸುರಿಯುತ್ತಾರೆ ಎಂದು ಟ್ರಸ್ಟಿನವರು ಹೆದರಿದ್ದರು. ಅದು ಸುಳ್ಳು ಭಯವೇನಲ್ಲ. ಜಗಲಿಯ ಒಂದು ತುದಿಗೆ ಟೀ ಅಂಗಡಿ, ಇನ್ನೊಂದು ತುದಿಗೆ ಹೂವಿನಮ್ಮ, ಮೇಲೆ ರಾತ್ರಿಯಿಡೀ ಉರಿಯುವ ದೀಪ, ಇಷ್ಟು ಇದ್ದದ್ದರಿಂದ ಅಲ್ಲಿ ಸದಾ ಯಾರದಾದರೂ ಕಣ್ಣು ಇರುತ್ತದೆ.

ಸದ್ದಿನದು ಇದಕ್ಕಿಂತ ಕಠಿಣ ಸಮಸ್ಯೆ. ಡೊಳ್ಳಿನ ಗುಂಪು ಒಟ್ಟಿಗೆ ಬಾರಿಸಿದರೆ ಕೋಣೆಯೊಳಗೆ 100 ಡೆಸಿಬೆಲ್ ದಾಟುವುದು ಸುಲಭ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಿಯಮ ಬದಿಗಿರಲಿ, ಎದುರು ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರಿರುತ್ತಾರೆ, ಪರೀಕ್ಷೆಗೆ ಓದುವ ಹುಡುಗಿ ಇರುತ್ತಾಳೆ. ಅವರ ನಿದ್ದೆ ಕೆಡಿಸುವ ಶಾಲೆ ಜಗಲಿ ಕಟ್ಟಿಸಿದರೂ ಅಷ್ಟೆ. ಹಾಗಾಗಿ ಕಿಟಕಿಗೆ ಎರಡು ಪದರ ಗಾಜು ಹಾಕಿದೆವು, ಒಂದು ತೆಳು, ಒಂದು ದಪ್ಪ. ಎರಡರ ದಪ್ಪ ಬೇರೆಯಾದರೆ ಒಂದರ ಮೂಲಕ ನುಸುಳುವ ಸ್ವರವನ್ನು ಇನ್ನೊಂದು ತಡೆಯುತ್ತದೆ. ನಡುವೆ ಒಂದು ಗೇಣಿನಷ್ಟು ಜಾಗ ಬಿಟ್ಟೆವು. ಬಾಗಿಲ ಸುತ್ತ ರಬ್ಬರ್ ಪಟ್ಟಿ, ಒಳಗಡೆ ಗೋಡೆಯಿಂದ ಬಿಡಿಸಿ ನಿಲ್ಲಿಸಿದ ಎರಡನೆಯ ಗೋಡೆ. ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಯಿತು, ಸಭಾಂಗಣವನ್ನು ಚಿಕ್ಕದು ಮಾಡಬೇಕಾಯಿತು. ಹಾಗೆ ಮಾಡಿದ್ದೇ ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಗಾಜಿನಾಚೆ ಡೊಳ್ಳು ಕಾಣುತ್ತದೆ, ಸಣ್ಣಗೆ ಕೇಳುತ್ತದೆ, ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳಬೇಕಾಗಿಲ್ಲ.

ಎಲ್ಲವನ್ನೂ ರಸ್ತೆಗೆ ತೆರೆದಿಡಲೂ ಆಗದು. ಮೊದಲ ಸಲ ಬಾಯಿಬಿಟ್ಟು ಸಂಭಾಷಣೆ ಹೇಳುವವರಿಗೆ, ಅಡವು ತಪ್ಪುವವರಿಗೆ ಯಾರೂ ನೋಡದ ಮೂಲೆ ಬೇಕು. ನೃತ್ಯ ಮತ್ತು ಅಭಿನಯದ ಕೋಣೆಗಳನ್ನು ಮೇಲಿನ ಮಹಡಿಗೆ, ಹಿತ್ತಲ ಕಡೆಗೆ ಹಾಕಿದೆವು. ಕನ್ನಡಿಗಳಿಗೆ ಪರದೆ ಇದೆ. ಸಿಮೆಂಟ್ ನೆಲದ ಮೇಲೆ ದಿನಾ ಕಾಲು ತಟ್ಟುವ ಮಕ್ಕಳ ಹಿಮ್ಮಡಿ, ಮಂಡಿ, ಸೊಂಟ ಯಾವ ಗತಿಗೆ ಬರುತ್ತವೆ ಎಂದು ಹಿರಿಯ ನೃತ್ಯಗುರುಗಳನ್ನು ಕೇಳಬೇಕು. ಹಲಗೆಯ ಕೆಳಗೆ ಪಟ್ಟಿ, ಪಟ್ಟಿಯ ಕೆಳಗೆ ರಬ್ಬರ್ ಕೊಟ್ಟು, ಕಾಲಿಟ್ಟರೆ ತುಸು ಬಗ್ಗುವ ನೆಲ ಮಾಡಿಸಿದೆವು. ಚಾವಣಿಗೆ ಶೀಟು ಹಾಕಿದರೆ ಅಗ್ಗ. ಆದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಂಗಳೂರಿನ ಮಳೆ ಸುರಿಯುವುದು ಸಂಜೆಯ ತರಗತಿಯ ಹೊತ್ತಿಗೇ. ಶೀಟಿನ ಮೇಲೆ ಮಳೆ ಬಿದ್ದರೆ ಗುರುವಿನ ನಟ್ಟುವಾಂಗ ಮೊದಲ ಸಾಲಿನವರಿಗೂ ಕೇಳುವುದಿಲ್ಲ.

ಗೇಟಿನಲ್ಲಿ ಸೆಕ್ಯೂರಿಟಿಯವರು "ಯಾರು ಬೇಕಾಗಿತ್ತು?" ಎಂದು ಕೇಳುವುದುಂಟಲ್ಲ, ಆ ಮಾತಿಗೆ ಎಷ್ಟೋ ಜನ ಅಲ್ಲಿಂದಲೇ ತಿರುಗಿ ಹೋಗುತ್ತಾರೆ. ಅವರಿಗೆ ನಿರ್ದಿಷ್ಟವಾಗಿ ಯಾರೂ ಬೇಕಾಗಿರುವುದಿಲ್ಲ, ನೋಡಬೇಕು ಅಷ್ಟೆ. ರಿಜಿಸ್ಟರಿನಲ್ಲಿ ಹೆಸರು, ಮೊಬೈಲ್ ನಂಬರ್ ಬರೆಯಬೇಕೆಂದರೆ ಓದು ಬಾರದವರಿಗೆ ಅದೇ ಅವಮಾನ. ನಮ್ಮ ಶಾಲೆಯಲ್ಲಿ ರಿಜಿಸ್ಟರ್ ಇರುವುದು ಮೇಲಿನ ಮಹಡಿಯ ಮೆಟ್ಟಿಲ ಬುಡದಲ್ಲಿ, ಮಕ್ಕಳ ಸುರಕ್ಷತೆಗೆ ಅದು ಬೇಕೇ ಬೇಕು. ಕೆಳಗಿನ ಅಂಗಳಕ್ಕೆ ಯಾವ ಲೆಕ್ಕವೂ ಇಲ್ಲ. ಕುಡಿಯುವ ನೀರಿನ ನಲ್ಲಿ, ಹೆಂಗಸರ ಶೌಚಾಲಯ ಅಲ್ಲೇ ಇವೆ. ಗಾಲಿಕುರ್ಚಿ ಹತ್ತುವಂತೆ ಒಂದಕ್ಕೆ ಹನ್ನೆರಡರ ಇಳಿಜಾರು ಮುಂಬಾಗಿಲಿಗೇ ಇದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮಕ್ಕಳನ್ನು ಕರೆತಂದು ಕಾಯುವವರು. ಅಮ್ಮಂದಿರು, ಅಜ್ಜಂದಿರು ಒಂದೊಂದು ಗಂಟೆ ಕಾಯುತ್ತಾರೆ. ಹೆಚ್ಚಿನ ಶಾಲೆಗಳಲ್ಲಿ ಅವರು ಸ್ಕೂಟರಿನ ಮೇಲೆ ಕೂತಿರುತ್ತಾರೆ. ಅವರಿಗೆಂದು ಅಂಗಳದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುವಂತೆ ಅಗಲವಾದ ಕಟ್ಟೆ, ಫ್ಯಾನು, ಚಪ್ಪಲಿಗೆ ಗೂಡು ಮಾಡಿಸಿದೆವು. ಅಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಒಬ್ಬ ತಾಯಿ, "ಅಣ್ಣಾ, ನಮಗೂ ಹೇಳಿಕೊಡ್ತಾರಾ?" ಎಂದು ಕೇಳಿದರು. ಬೆಳಗಿನ ಹೊತ್ತು ಮಕ್ಕಳು ಶಾಲೆಗೆ ಹೋದ ಮೇಲೆ ಕೋಣೆಗಳು ಖಾಲಿ ಇರುತ್ತಿದ್ದವು. ಈಗ ಆ ಹೊತ್ತಿಗೆ ಹೆಂಗಸರ ಕೋಲಾಟದ ತಂಡ ಇದೆ.

ಆ ಬಡಾವಣೆಯಲ್ಲಿ ತಮಟೆ ಬಾರಿಸುವ ಮನೆತನಗಳಿವೆ. ಸಾವಿಗೆ, ಜಾತ್ರೆಗೆ ಕರೆಸಿಕೊಂಡು ಹೊಸ್ತಿಲಾಚೆ ನಿಲ್ಲಿಸಿದ ಕಲೆ ಅದು. ಅವರನ್ನು ಉದ್ಘಾಟನೆಯ ಮೆರವಣಿಗೆಗೆ ಕರೆಯೋಣ ಎಂದು ಒಬ್ಬರು ಸೂಚಿಸಿದಾಗ ಶಾಲೆಯ ನಿರ್ದೇಶಕರು ಒಪ್ಪಲಿಲ್ಲ. ತಮಟೆ ವೇಳಾಪಟ್ಟಿಯಲ್ಲಿ ಬರಬೇಕು, ಕಲಿಸುವವರಿಗೆ ಭರತನಾಟ್ಯದ ಗುರುಗಳಿಗೆ ಕೊಡುವಷ್ಟೇ ಸಂಬಳ, ಶಿಕ್ಷಕರ ಕೋಣೆಯಲ್ಲಿ ಕುರ್ಚಿ ಎಂದು ಹಟ ಹಿಡಿದರು. ಚರ್ಮ ಬಿಸಿಮಾಡಿ ಬಿಗಿಗೊಳಿಸಲು ಬೆಂಕಿ ಬೇಕು. ಅದಕ್ಕಾಗಿ ಹಿತ್ತಲಲ್ಲಿ ಕಲ್ಲು ಹಾಸಿದ ಒಂದು ಒಲೆಯ ಜಾಗವನ್ನು ನಕ್ಷೆಗೆ ಸೇರಿಸಿದೆ. ಇಷ್ಟು ವರ್ಷದ ನನ್ನ ಕೆಲಸದಲ್ಲಿ ಅದಕ್ಕಿಂತ ತೃಪ್ತಿ ಕೊಟ್ಟ ಗೆರೆ ಇನ್ನೊಂದಿಲ್ಲ.

ಈಗಿನ ಚಿಂತೆ ಬೇರೆ. ಶಾಲೆಗೆ ಹೆಸರು ಬಂದ ಮೇಲೆ ದೂರದ ಬಡಾವಣೆಗಳಿಂದ ಕಾರುಗಳು ಬರುತ್ತಿವೆ, ಸೀಟುಗಳು ಬೇಗ ತುಂಬುತ್ತಿವೆ. ಅಕ್ಕಪಕ್ಕದ ಮನೆಗಳ ಬಾಡಿಗೆಯೂ ಏರುತ್ತಿದೆ. ಅದನ್ನು ತಡೆಯುವ ಶಕ್ತಿ ಯಾವ ನಕ್ಷೆಗೂ ಇಲ್ಲ. ಹೊಸ ಬ್ಯಾಚಿನ ಅರ್ಜಿಗಳನ್ನು ಮೊದಲ ವಾರ ಬಡಾವಣೆಯವರಿಗೆ ಮಾತ್ರ ಕೊಡಬೇಕು, ದೂರದವರ ಶುಲ್ಕದಿಂದ ಇಲ್ಲಿನ ಮಕ್ಕಳ ಶುಲ್ಕ ಇಳಿಯಬೇಕು ಎಂದು ಮುಂದಿನ ಸಭೆಯಲ್ಲಿ ನಾನು ಒತ್ತಾಯಿಸಲಿದ್ದೇನೆ. ಅರ್ಜಿ ಫಾರಂ ಟೀ ಅಂಗಡಿಯಲ್ಲೂ ಸಿಗಬೇಕು, ಬರೆಯಲು ಬಾರದವರಿಗೆ ತುಂಬಿಕೊಡಲು ಶಾಲೆಯವರೊಬ್ಬರು ಅಲ್ಲಿ ಕೂತಿರಬೇಕು.