ನಿಂತೇ ಹಳತಾದ ಯಂತ್ರದ ಲೆಕ್ಕ

ಅಮೆರಿಕದ ಸೇನೆ ಹರಾಜಿಗಿಟ್ಟ ಹಳೆಯ ಗಾಡಿಗಳ ಪಟ್ಟಿ ನೋಡುವವರ ಕಣ್ಣು ಮೊದಲು ಹೋಗುವುದು ಅವರ್ ಮೀಟರಿಗೆ. ಮೂವತ್ತೈದು ವರ್ಷ ಹಳೆಯ ಯಂತ್ರ, ದುಡಿದದ್ದು ಬರೀ ಎಂಟುನೂರು ಗಂಟೆ! ಕೂಡಲೇ ಕೈ ಮೇಲೇಳುತ್ತದೆ. ನನ್ನನ್ನು ಕೇಳಿದರೆ, ಅಂಥ ಅಂಕಿ ಕಂಡಾಗ ಬೆಲೆ ಏರಿಸಬಾರದು, ಇಳಿಸಬೇಕು. ಗುತ್ತಿಗೆದಾರನ ಕೈಯಲ್ಲಿ ದಿನಾ ದುಡಿದ ಯಂತ್ರದಲ್ಲಿ ಕಬ್ಬಿಣ ಸವೆದಿರುತ್ತದೆ. ಶೆಡ್ಡಿನ ಹೊರಗೆ ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ರಬ್ಬರ್ ಸತ್ತಿರುತ್ತದೆ. ಮೊದಲನೆಯದು ನೋಡಿದರೆ ಕಾಣುತ್ತದೆ. ಎರಡನೆಯದು ಗೊತ್ತಾಗುವುದು ಬಿಲ್ ಬರಲು ಶುರುವಾದ ಮೇಲೆ.

ನನ್ನ ಬಳಿ ಇರುವುದು ಎಫ್‌ಎಲ್‌ಯು 419. ಸೇನೆಯ ಕಾಗದದಲ್ಲಿ ಸ್ಮಾಲ್ ಎಂಪ್ಲೇಸ್‌ಮೆಂಟ್ ಎಕ್ಸ್‌ಕವೇಟರ್, ಬಾಯಿಮಾತಿನಲ್ಲಿ ‘ಸೀ’. ಮರ್ಸಿಡಿಸ್ ಕಂಪನಿಯ ಉನಿಮೊಗ್ ಟ್ರಕ್ಕಿಗೆ ಮುಂದೆ ಮಣ್ಣು ಬಾಚುವ ಬಕೆಟ್, ಹಿಂದೆ ಕೇಸ್ ಕಂಪನಿಯ ಅಗೆಯುವ ತೋಳು ಕೂರಿಸಿದ ಗಾಡಿ. 1980ರ ದಶಕದಲ್ಲಿ ಫ್ರೈಟ್‌ಲೈನರ್ ಕಂಪನಿಯ ಮೂಲಕ ಸೇನೆಗೆ ಬಂತು. ಫಿರಂಗಿ ನಿಲ್ಲಿಸಲು, ಸೈನಿಕರು ಅಡಗಲು ಗುಂಡಿ ತೋಡುವುದು ಇದರ ಕೆಲಸ. ಮಾಮೂಲಿ ಬ್ಯಾಕ್‌ಹೋ ಅಗೆಯುವ ಯಂತ್ರವನ್ನು ದೂರ ಒಯ್ಯಬೇಕಾದರೆ ಟ್ರೇಲರ್ ಬೇಕು. ಇದು ಗಂಟೆಗೆ ಎಂಬತ್ತು ಕಿ.ಮೀ. ಆಸುಪಾಸಿನ ವೇಗದಲ್ಲಿ ತಾನೇ ಓಡುತ್ತದೆ. ಈಗ ಸೇನೆ ಇದರ ಜಾಗಕ್ಕೆ ತಂದುಕೊಂಡಿರುವುದು ಜಾರ್ಜಿಯಾದ ಸವಾನಾ ಬಳಿ ಜೆಸಿಬಿ ಕಂಪನಿ ತಯಾರಿಸುವ ಎಚ್‌ಎಂಇಇ. ಹಳೆಯವು ಹರಾಜಿಗೆ ಬಂದದ್ದು ಹಾಗೆ.

ಟೆನೆಸಿಯ ಪೂರ್ವಭಾಗದಲ್ಲಿ ನಮಗೊಂದಿಷ್ಟು ಗುಡ್ಡದ ಜಮೀನಿದೆ. ರಸ್ತೆ ಕಡಿಯುವುದು, ಮೋರಿ ಕೂರಿಸುವುದು, ಮಳೆಗೆ ಕೊಚ್ಚಿಹೋದದ್ದನ್ನು ಮತ್ತೆ ತುಂಬುವುದು, ಕೆಲಸ ಮುಗಿಯುವ ಜಾತಿಯದಲ್ಲ. ಬಾಡಿಗೆ ಬ್ಯಾಕ್‌ಹೋ ತಂದು ಬಿಟ್ಟು ಒಯ್ಯುವ ಖರ್ಚೂ ಸೇರಿ ದಿನಕ್ಕೆ 400 ಡಾಲರ್ ಬೀಳುತ್ತಿತ್ತು. ಹರಾಜಿನಲ್ಲಿ ‘ಸೀ’ ನನಗೆ ನಿಂತದ್ದು 11,500 ಡಾಲರಿಗೆ. ಅದರ ಮೇಲೆ ಹರಾಜುದಾರರ ಶುಲ್ಕ, ರಾಜ್ಯದ ಮಾರಾಟ ತೆರಿಗೆ, ಏಳು ಟನ್ನಿನ ಗಾಡಿಯನ್ನು ಟ್ರೇಲರಿನ ಮೇಲೆ ತರಿಸಿದ ಬಾಡಿಗೆ ಸೇರಿ ಮನೆ ಮುಂದೆ ಇಳಿಯುವಾಗ 15,800. ಇನ್ನೂ ಕೀಲಿ ತಿರುಗಿಸಿರಲಿಲ್ಲ. ಕೂಗುವ ಬೆಲೆಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಸೇರಿಸಿ ಲೆಕ್ಕ ಹಾಕಿಯೇ ಕೂಗಬೇಕು. ಎಸ್‌ಎಫ್-97 ಎಂಬ ಸರ್ಕಾರಿ ಪತ್ರ ಸಿಗುತ್ತದೆಯೋ ಇಲ್ಲವೋ ಎಂಬುದನ್ನೂ ಕೂಗುವ ಮೊದಲೇ ಓದಿಕೊಳ್ಳಬೇಕು. ರಸ್ತೆಯ ಮೇಲೆ ಓಡಿಸಲು ನೋಂದಣಿಗೆ ಅದು ಆಧಾರ. ಅದಿಲ್ಲದಿದ್ದರೆ ಗಾಡಿಯ ಅರ್ಧ ಗುಣ, ಅಂದರೆ ಅದರ ಓಟ, ವ್ಯರ್ಥ.

ಮೊದಲ ವರ್ಷದ ದುರಸ್ತಿ 5,400. ಇದರಲ್ಲಿ ಎಂಜಿನ್ನಿಗೆ ಹೋದದ್ದು ಎಣ್ಣೆ, ಫಿಲ್ಟರ್ ಬಿಟ್ಟರೆ ಸೊನ್ನೆ. ಇದರ ಎಂಜಿನ್ ಓಎಂ 352: ಆರು ಸಿಲಿಂಡರ್, 5.7 ಲೀಟರ್, ಎಲೆಕ್ಟ್ರಾನಿಕ್ಸ್ ಸೋಂಕಿಲ್ಲದ ಡೀಸೆಲ್. ಹಾವೇರಿ ಕಡೆ ಲಾರಿ ಇಟ್ಟುಕೊಂಡಿದ್ದ ನನ್ನ ಸೋದರಮಾವನಿಗೆ ವಿಡಿಯೊ ಕರೆಯಲ್ಲಿ ತೋರಿಸಿದೆ. ಬೋರ್ 97 ಮಿ.ಮೀ., ಸ್ಟ್ರೋಕ್ 128 ಎಂದದ್ದೇ ತಡ, “ಏ, ಅದು ನಮ್ಮ ಟಾಟಾ ಸಿಕ್ಸ್ ನೈನ್ ಸೆವೆನ್ ಅಳತಿನ ಐತಲ್ಲೋ! ಟ್ಯಾಪೆಟ್ ಸೆಟ್ ಮಾಡ್ಸು, ಡೀಸೆಲ್ ಫಿಲ್ಟರ್ ಬದಲ್ಸು, ಅದಕ್ಕೇನೂ ಆಗಂಗಿಲ್ಲ” ಎಂದರು. 1954ರಿಂದ 1969ರವರೆಗೆ ಟಾಟಾ–ಮರ್ಸಿಡಿಸ್ ಕೂಡಿ ಲಾರಿ ಕಟ್ಟಿದ ನಂಟು ಅದು. “ಮಾವ, ಇಲ್ಲಿ ಮೆಕ್ಯಾನಿಕ್ ಗಂಟೆಗೆ ನೂರೈವತ್ತು ಡಾಲರ್ ತಗೋತಾನೆ” ಎಂದೆ. “ಹಂಗಾರ ನೀನ ಕೈ ಕರಿ ಮಾಡ್ಕೋ.”

ಹಾಗೇ ಮಾಡಿಕೊಂಡೆ. 5,400ರಲ್ಲಿ ಹೈಡ್ರಾಲಿಕ್ ಹೋಸ್‌ಗಳಿಗೆ 1,100. ಹೊರಗೆ ಗಟ್ಟಿ ಕಾಣುತ್ತಿದ್ದವು, ಎಣ್ಣೆ ಬಿಸಿಯಾಗಿ ಒತ್ತಡ ಏರಿದಂತೆ ಒಂದೊಂದಾಗಿ ಬೆವರತೊಡಗಿದವು. ಸೇನೆಯ ನಂಬರಿನ ಹೋಸನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ, ದುಡ್ಡು ಹೆಚ್ಚಾದವರು. ಹಳೆಯ ಹೋಸ್ ಬಿಚ್ಚಿ ಊರಿನ ಹೋಸ್ ಅಂಗಡಿಗೆ ಒಯ್ದರೆ ಅದೇ ಅಳತೆಗೆ, ಅದೇ ಒತ್ತಡಕ್ಕೆ ತಕ್ಕದ್ದನ್ನು ನಿಂತಲ್ಲೇ ಮಾಡಿಕೊಡುತ್ತಾರೆ. ಟೈರಿಗೆ 1,600. ಟ್ರೆಡ್ ಹೊಸದರಂತೆಯೇ ಇತ್ತು, ಪಕ್ಕದಲ್ಲಿ ಬಿರುಕು. ಟೈರಿನ ಮೇಲೆ ಡಿಓಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: ಮೊದಲೆರಡು ವಾರ, ಮುಂದಿನೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಟ್ರೆಡ್ ನೋಡಿ ಮರುಳಾಗಬೇಡಿ.

ಬ್ರೇಕಿಗೆ 800. ಗಾಳಿಯ ಒತ್ತಡ ಎಣ್ಣೆಯನ್ನು ತಳ್ಳಿ ಹಿಡಿಯುವ ಏರ್–ಹೈಡ್ರಾಲಿಕ್ ಬ್ರೇಕ್ ಇದು. ಅಮೆರಿಕದ ಸೇನೆ ಎಂಬತ್ತರ ದಶಕದಲ್ಲಿ ಗಾಡಿಗಳಿಗೆ ಸಿಲಿಕೋನ್ ಬ್ರೇಕ್ ಆಯಿಲ್, ಅಂದರೆ ಡಾಟ್ 5, ಹಾಕತೊಡಗಿತು. ಅಂಗಡಿಯ ಡಾಟ್ 3 ಅಥವಾ 4 ಅದರೊಂದಿಗೆ ಬೆರೆಯುವುದಿಲ್ಲ. ಒಳಗೇನಿದೆ ಎಂದು ನೋಡದೆ ಹತ್ತು ಡಾಲರ್ ಡಬ್ಬಿ ಸುರಿದರೆ ಇಡೀ ವ್ಯವಸ್ಥೆ ತೊಳೆಯಬೇಕಾಗುತ್ತದೆ.

ಬ್ಯಾಟರಿಗೆ 500. ಹನ್ನೆರಡು ವೋಲ್ಟಿನ ಎರಡು ಸೇರಿ ಇಪ್ಪತ್ತನಾಲ್ಕು. ಹಳೆಯದೊಂದು ಹೊಸದೊಂದು ಜೋಡಿಸಿದರೆ ಹೊಸದೂ ಬೇಗ ಸಾಯುತ್ತದೆ, ಎರಡನ್ನೂ ಒಟ್ಟಿಗೇ ಕೊಳ್ಳಬೇಕು. ಎಣ್ಣೆ, ಫಿಲ್ಟರಿಗೆ 700. ಎಣ್ಣೆ ಇಷ್ಟೊಂದು ಏಕೆಂದರೆ ಉನಿಮೊಗ್‌ನ ನಾಲ್ಕು ಚಕ್ರದ ಹಬ್ಬಿನಲ್ಲೂ ಒಂದೊಂದು ಗೇರ್ ಪೆಟ್ಟಿಗೆ, ಒಂದೊಂದಕ್ಕೂ ತನ್ನದೇ ಎಣ್ಣೆ. ಆಕ್ಸಲ್ ನೆಲದಿಂದ ಅಷ್ಟು ಮೇಲಿರುವುದಕ್ಕೆ ತೆರುವ ಬಾಡಿಗೆ ಇದು. ಆ ಹಬ್ಬಿನ ಸೀಲ್ ಒಣಗಿದರೆ ಎಣ್ಣೆ ನೇರ ಬ್ರೇಕಿಗಿಳಿಯುತ್ತದೆ. ಉಳಿದ 700 ಚಿಲ್ಲರೆ ಸೀಲು, ಡೀಸೆಲ್ ಪೈಪುಗಳಿಗೆ ಹೋಯಿತು. ಗಂಧಕ ತೆಗೆದ ಇಂದಿನ ಡೀಸೆಲ್ ತಗುಲಿದರೆ ಅಂದಿನ ರಬ್ಬರ್ ಸೀಲುಗಳು ಕುಗ್ಗಿ ಜಿನುಗತೊಡಗಬಹುದು.

ಬಿಡಿಭಾಗ ಹುಡುಕುವಲ್ಲಿ ಉಳಿಸಿದ ಹಣವೇ ದೊಡ್ಡದು. ಸೇನೆಯ ಕೈಪಿಡಿ ಟಿಎಂ 5-2420-224 ಮಾಲೆಯಲ್ಲಿ ಪ್ರತಿ ತುಣುಕಿಗೂ ಹದಿಮೂರು ಅಂಕಿಯ ದಾಸ್ತಾನು ಸಂಖ್ಯೆಯಿದೆ. ‘ಮಿಲಿಟರಿ ಉನಿಮೊಗ್ ಭಾಗ’ ಎಂದು ಕೇಳಿದರೆ ಅಂಗಡಿಯವನು ಆಕಾಶಕ್ಕೇರಿಸುತ್ತಾನೆ. ಆ ಸಂಖ್ಯೆಯಿಂದ ಮೂಲ ತಯಾರಕರ ನಂಬರ್ ತೆಗೆದುಕೊಂಡು ಹೋದರೆ ಅದು ಬರೀ ಒಂದು ಬೇರಿಂಗ್, ಬೇರಿಂಗ್ ಅಂಗಡಿಯ ಬೆಲೆಗೇ ಸಿಗುತ್ತದೆ. ಹಿಂದಿನ ತೋಳಿನ ಪಿನ್ನು, ಬುಷ್‌ಗಳಿಗೆ ಕೇಸ್ ಡೀಲರನ ಬಾಗಿಲು ಮೊದಲು ತಟ್ಟಬೇಕು.

ಈಗ ಅಸಲು ಲೆಕ್ಕ. ಒಟ್ಟು ಹಾಕಿದ್ದು 21,200. ದುರಸ್ತಿಗೆಂದು ಹಣ ತೆಗೆದಿಡುವವರು ಸಾಮಾನ್ಯವಾಗಿ ದುಡಿದ ಗಂಟೆಗಿಷ್ಟು ಎಂದು ಇಡುತ್ತಾರೆ. ಗುತ್ತಿಗೆದಾರನಿಗೆ ಅದು ಸರಿ. ಅಪರೂಪಕ್ಕೆ ಓಡುವ ಇಂಥ ಗಾಡಿಗೆ ಅದು ನಡೆಯುವುದಿಲ್ಲ, ಏಕೆಂದರೆ ಇದು ಹಾಳಾಗುವುದು ಕ್ಯಾಲೆಂಡರ್ ನೋಡಿಕೊಂಡು. ಹಾಗಾಗಿ ದುಡಿಯಲಿ, ನಿಲ್ಲಲಿ, ತಿಂಗಳಿಗೆ 150 ಡಾಲರ್ ಬೇರೆ ಖಾತೆಗೆ ಹಾಕುತ್ತೇನೆ, ವರ್ಷಕ್ಕೆ 1,800. ಕೆಲಸವಿಲ್ಲದ ತಿಂಗಳಲ್ಲೂ ಒಮ್ಮೆ ಎಣ್ಣೆ ಬಿಸಿಯಾಗುವಷ್ಟು ಓಡಿಸಿ, ಸಿಲಿಂಡರುಗಳನ್ನು ತುದಿಯವರೆಗೆ ಚಾಚಿ ಮಡಚಿ, ಗಾಳಿ ಟ್ಯಾಂಕಿನ ನೀರು ಬಿಡುತ್ತೇನೆ. ಆ ಡೀಸೆಲ್ ದಂಡವಲ್ಲ, ಅಗ್ಗದ ವಿಮೆ.

1,800ಕ್ಕೆ ಹಾಕಿದ ಹಣದ ಬಡ್ಡಿ ಸುಮಾರು ಸಾವಿರ ಸೇರಿಸಿ. ಐದು ವರ್ಷದ ನಂತರ 16,000ಕ್ಕೆ ಮಾರಿದರೆ ವರ್ಷಕ್ಕೆ ಇನ್ನೊಂದು ಸಾವಿರ ನಷ್ಟ. ಒಟ್ಟು ವರ್ಷಕ್ಕೆ 3,800 ಚಿಲ್ಲರೆ. 400ರ ಬಾಡಿಗೆಯಲ್ಲಿ ಹತ್ತು ದಿನ. ಹತ್ತು ದಿನಕ್ಕೂ ಮೀರಿದ ಕೆಲಸವಿದ್ದರೆ ಇಟ್ಟುಕೊಳ್ಳಬಹುದು. ನನ್ನ ಕೂಲಿ ಇದರಲ್ಲಿಲ್ಲ. ಶನಿವಾರ ಗ್ರೀಸ್ ಮೆತ್ತಿಕೊಳ್ಳುವುದು ಶಿಕ್ಷೆ ಅನ್ನಿಸುವವರು ಗಂಟೆಗೆ ನೂರೈವತ್ತು ಸೇರಿಸಿ ನೋಡಲಿ, ಬಾಡಿಗೆಯೇ ಮೇಲು.

ಕರ್ನಾಟಕದಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಮೆಕ್ಯಾನಿಕ್ ಕೂಲಿ ಅಗ್ಗ, ಅಪರೂಪದ ಯಂತ್ರದ ಬಿಡಿಭಾಗ ದುಬಾರಿ. ಎಂಎಸ್‌ಟಿಸಿ ಇ-ಹರಾಜಿನಲ್ಲಿ ಸರ್ಕಾರಿ ಸಂಸ್ಥೆಗಳ ಹಳೆ ಯಂತ್ರ ನೋಡುವವರು ಬೆಲೆಗಿಂತ ಮೊದಲು ತಾಲೂಕಿನಲ್ಲಿ ಅದರ ಸೀಲ್ ಕಿಟ್ ಸಿಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಮುಂದಿನ ವರ್ಷ ಕೆರೆಯ ಏರಿ ಕೆಲಸ ಮುಗಿದರೆ ನನ್ನಲ್ಲಿ ಹತ್ತು ದಿನದ ಕೆಲಸ ಉಳಿಯುವುದಿಲ್ಲ, ಮಾರುತ್ತೇನೆ. ಗಾಡಿಯ ಜೊತೆ ಬಂದ ಹೈಡ್ರಾಲಿಕ್ ಬ್ರೇಕರನ್ನು ಬಿಡಿಯಾಗಿ ಮಾರಿದರೆ ಮುನ್ನೂರು ಡಾಲರ್ ಸಿಕ್ಕೀತು. ಅದಿಲ್ಲದ ಗಾಡಿಗೆ ಸಾವಿರ ಕಡಿಮೆ ಕೇಳುತ್ತಾರೆ, ಆದ್ದರಿಂದ ಅದು ಜೊತೆಗೇ ಹೋಗುತ್ತದೆ.