ತೋಟದ ಮನೆಯ ನಾಯಿ, ಬೆಕ್ಕುಗಳಿಗೆ ತುರ್ತು ಉಪಚಾರ

ಕಾಡುಹಂದಿ ಬಂದರೆ ಬೊಗಳಿ ಎಚ್ಚರಿಸುವ ನಾಯಿ, ಅಟ್ಟದ ಅಡಿಕೆ ಚೀಲಗಳನ್ನು ಇಲಿಗಳಿಂದ ಕಾಯುವ ಬೆಕ್ಕು, ಇವೆರಡೂ ನಮ್ಮ ಬೆಳೆಗಾರರ ಮನೆಗಳ ಸಂಬಳವಿಲ್ಲದ ಆಳುಗಳು. ಅವುಗಳಿಗೆ ಅಪಾಯ ಒದಗಿದಾಗ ಪಶು ಆಸ್ಪತ್ರೆ ಸಾಮಾನ್ಯವಾಗಿ ದೂರವೇ ಇರುತ್ತದೆ. ಮೊದಲ ಅರ್ಧ ಗಂಟೆ ನಮ್ಮ ಕೈಯಲ್ಲೇ ಕಳೆಯುತ್ತದೆ. ಆ ಹೊತ್ತಿನಲ್ಲಿ ನಮ್ಮ ಕೆಲಸ ಚಿಕಿತ್ಸೆಯಲ್ಲ, ಪ್ರಾಣಿಯನ್ನು ಜೀವಸಹಿತ ವೈದ್ಯರ ಬಳಿ ತಲುಪಿಸುವುದು.

1. ಹಿಡಿಯುವ ಕ್ರಮ: ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚೀತು. ಹಳೆಯ ಪಂಚೆಯ ಪಟ್ಟಿಯಿಂದ ಅದರ ಮೂತಿ ಕಟ್ಟಬೇಕು. ವಾಂತಿ ಅಥವಾ ಏದುಸಿರು ಇದ್ದರೆ ಕಟ್ಟಬಾರದು. ಬೆಕ್ಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಮುಚ್ಚಳವಿರುವ ಬುಟ್ಟಿಯಲ್ಲಿಡಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ನಮ್ಮ ಆಸ್ಪತ್ರೆಗೆ ಹೋಗತಕ್ಕದ್ದು. ಹೊಕ್ಕುಳ ಸುತ್ತ ಚುಚ್ಚುವ ಹಳೆಯ ಲಸಿಕೆ ಈಗಿಲ್ಲ. ಅದರ ಹೆದರಿಕೆಯಿಂದ ತಡಮಾಡಬೇಡಿ.

2. ಹಂದಿ ಸೀಳಿದ ಗಾಯ: ಶುಭ್ರ ಬಟ್ಟೆಯಿಂದ ಐದು ನಿಮಿಷ ಎಡೆಬಿಡದೆ ಒತ್ತಿ ಹಿಡಿಯಿರಿ. ರಕ್ತ ಒಸರಿದರೆ ಬಟ್ಟೆ ತೆಗೆಯದೆ ಮೇಲೆ ಇನ್ನೊಂದನ್ನಿಡಿ. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ, ಒದ್ದೆ ಬಟ್ಟೆ ಮುಚ್ಚಿ ಸಾಗಿಸಿ. ಕಾಫಿಪುಡಿ, ಸುಣ್ಣ, ಹೊಗೆಸೊಪ್ಪು ತುಂಬುವ ರೂಢಿಯನ್ನು ಬಿಡಬೇಕು.

3. ಹಾವಿನ ಕಡಿತ: ನಾಯಿಗೆ ಕಡಿತ ಬೀಳುವುದು ಹೆಚ್ಚಾಗಿ ಮುಖ ಮತ್ತು ಮುಂಗಾಲಿಗೆ. ಕೊರಳಪಟ್ಟಿಯನ್ನು ಕೂಡಲೇ ಬಿಚ್ಚಿ. ಬಾವು ಏರಿದರೆ ಅದೇ ಉರುಳಾಗುತ್ತದೆ. ಕೊಯ್ಯುವುದು, ಹಗ್ಗ ಬಿಗಿಯುವುದು ಬೇಡ. ನಡೆಸದೆ ಎತ್ತಿಕೊಂಡು ಹೋಗಿ. ಪ್ರತಿವಿಷ ಎಲ್ಲ ಕಡೆ ದಾಸ್ತಾನಿರುವುದಿಲ್ಲ, ಹೊರಡುವಾಗಲೇ ದೂರವಾಣಿಯಲ್ಲಿ ವಿಚಾರಿಸಿ.

4. ವಿಷಪ್ರಾಶನ: ಇಲ್ಲಿಯೇ ನಮ್ಮ ಮರುಕ ಕೊಲ್ಲುವುದುಂಟು. ಇಲಿಗೆ ಇಡುವ ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲ ಸೇರಿ ವಿಷಾನಿಲವಾಗುತ್ತದೆ. ಹಾಲು, ಅನ್ನ ಕೊಟ್ಟರೆ ಆಮ್ಲ ಹೆಚ್ಚುತ್ತದೆ. ವಾಂತಿಯ ಗಾಳಿ ನಮಗೂ ಅಪಾಯ, ವಾಹನದ ಕಿಟಕಿ ತೆರೆದಿರಲಿ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಪ್ರಾಣಿ ಎರಡು ಮೂರು ದಿನ ಚೆನ್ನಾಗಿಯೇ ಇದ್ದು, ಬಳಿಕ ಒಳಗೇ ರಕ್ತ ಸೋರಿ ಸಾಯುತ್ತದೆ. ಇದಕ್ಕೆ ಮದ್ದು ವಿಟಮಿನ್ ಕೆ1. ತಿಂದ ದಿನವೇ ವೈದ್ಯರಿಗೆ ತೋರಿಸಿದರೆ ಉಳಿಯುತ್ತದೆ. ಕೀಟನಾಶಕ ಮೈಮೇಲೆ ಬಿದ್ದರೆ ಕೈಚೀಲ ಧರಿಸಿ ಸಾಬೂನಿನಿಂದ ತೊಳೆಯಿರಿ. ಯಾವ ವಿಷಕ್ಕೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಕೂಡದು. ವಿಷದ ಪೊಟ್ಟಣವನ್ನು ಜೊತೆಗೆ ಒಯ್ಯಿರಿ.

5. ಬೆಕ್ಕಿಗೆ ವಿಶೇಷ ಎಚ್ಚರ: ನಮ್ಮ ಜ್ವರದ ಪ್ಯಾರಸಿಟಮಾಲ್ ಬೆಕ್ಕಿಗೆ ಮಾರಕ. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧವೂ ಅಷ್ಟೇ.

ಮುಂಜಾಗ್ರತೆ: ಒಂದು ಬಿಸ್ಕತ್ ಡಬ್ಬಿಯಲ್ಲಿ ಹತ್ತಿ, ಬ್ಯಾಂಡೇಜು, ಶುಭ್ರ ಬಟ್ಟೆ, ಸಾಬೂನು, ಪೊವಿಡೋನ್ ಅಯೋಡಿನ್, ಟಾರ್ಚು ಇಡಿ. ಪಶುವೈದ್ಯರ ದೂರವಾಣಿ ಸಂಖ್ಯೆಯನ್ನೂ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ನ್ನೂ ಗೋಡೆಯ ಮೇಲೆ ಬರೆದಿಡಿ. ಮೈಲುತುತ್ತು, ಇಲಿಪಾಷಾಣಗಳಿಗೆ ಬೀಗ ಹಾಕಿ. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಮೊದಲ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಮುಂದುವರಿಸಿ.

ಮಳೆಗಾಲದ ಬೋರ್ಡೋ ಸಿಂಪಡಣೆಗೆ ನಾವು ಮೊದಲೇ ಸುಣ್ಣ, ತುತ್ತು ತಂದಿಡುತ್ತೇವೆ. ಆ ಪಟ್ಟಿಯಲ್ಲೇ ಈ ಡಬ್ಬಿಯೂ ಸೇರಲಿ.